ಒಂದೂವರೆ

ಶಿಡ್ಲಘಟ್ಟದ ಹೊಸ ಕಾಲೇಜು.
ಗೋಡೆಗೆ ಹೊಡೆದ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.
'ಮೇಡಂ, ಕಸುಬಿನಲ್ಲಿ ಮೇಲೆ ಬರಲು
ಐದು ಒಳ್ಳೆಯ ಅಭ್ಯಾಸ ಹೇಳಿ.
ಮಕ್ಕಳು ಬರೆದುಕೊಳ್ಳುತ್ತಾರೆ.'
ಮೇಡಂ ಅಂದರೆ ನಾನೇ ಎಂದು ಹೊಳೆಯಲು
ಒಂದು ಗಳಿಗೆ ಹಿಡಿಯಿತು.

ಐದಿಲ್ಲ ಸಾರ್, ಅಂದೆ. ಒಂದೂವರೆ ಇದೆ.
ನಕ್ಕರು. ನಾನು ನಗಲಿಲ್ಲ.

ಹತ್ತನೇ ಕ್ಲಾಸಿನ ಲೆಕ್ಕದಲ್ಲಿ ಎರಡು ಸಲ ಡುಮ್ಕಿ ಹೊಡೆದ ಮೇಲೆ
ದಿಲ್‌ಶಾದ್ ಬೀ ಅವರ ಫಿಲೇಚರಿಗೆ ಸೇರಿದವಳು ನಾನು.
ಕುದಿನೀರು, ಗೂಡು, ಬೆಂದ ಹುಳದ ನಾತ.
ಸಂಜೆಗೆ ಕೈಯ ಚರ್ಮ ಬೇಯಿಸಿದ ಆಲೂಗಡ್ಡೆಯ ಸಿಪ್ಪೆ.
ಎಂಟು ಗೂಡಿನ ಎಂಟು ಎಳೆ ಕೂಡಿದರೆ ಒಂದು ನೂಲು.
ಒಂದು ಗೂಡು ಮುಗಿಯುತ್ತಿದ್ದ ಹಾಗೇ
ಇನ್ನೊಂದರ ತುದಿ ಎಸೆಯಬೇಕು, ಚರಕ ಕಾಯುವುದಿಲ್ಲ.
ಏಳಾದರೆ ನೂಲು ಸಣ್ಣ, ಒಂಬತ್ತಾದರೆ ದಪ್ಪ.
'ಎಣಿಸಬೇಡ್ವೇ ಮುನಿಲಕ್ಷ್ಮೀ,' ಅನ್ನೋರು ಬೀ,
'ಎಣಿಸೋ ಅಷ್ಟರಲ್ಲಿ ಏಳಾಗಿರ್ತದೆ. ನೋಡು.'

ನೋಡಿದೆ.
ಎರಡು ವರ್ಷ ಬರಿ ನೋಡಿದೆ.
ಕನಸಿನಲ್ಲೂ ಅದೇ ನೀರು, ಅದೇ ಎಂಟು ಬಿಳಿ ತಲೆ ಕುಣಿಯುತ್ತಿದ್ದವು.

ಒಂದು ರಂಜಾನಿನ ಹಿಂದಿನ ವಾರ, ಕೆಲಸ ಅರ್ಜೆಂಟು.
ಎಳೆ ಕಿತ್ತಿತು. ಗಂಟು ಹಾಕಲು ಚರಕ ನಿಲ್ಲಿಸಬೇಕು.
ನಿಲ್ಲಿಸಲಿಲ್ಲ.
ತುದಿಯನ್ನು ಲಡಿಯೊಳಗೆ ಮಡಚಿ ಹಾಗೇ ಸುತ್ತಿಬಿಟ್ಟೆ.
ಯಾರೂ ನೋಡಲಿಲ್ಲ. ಮೇಲೆ ಎಷ್ಟು ಹೊಳಪಿತ್ತು ಗೊತ್ತಾ!

ಮೂರು ವಾರಕ್ಕೆ ದೊಡ್ಡಬಳ್ಳಾಪುರದಿಂದ ಲಡಿ ವಾಪಸ್ಸು ಬಂತು.
ಯಾರದ್ದು ಅಂತ ಬೀ ಕೇಳಲಿಲ್ಲ.
ರಾತ್ರಿ ಜೀರೋ ಬಲ್ಬಿನ ಕೆಳಗೆ ಒಬ್ಬರೇ ಬಿಚ್ಚುತ್ತಾ ಕೂತರು.
ಹೋಗಿ ಎದುರು ಕೂತೆ, ಎರಡೂ ಕೈ ಚಾಚಿದೆ,
ಲಡಿಯನ್ನು ನನ್ನ ಮಣಿಕಟ್ಟಿಗೆ ಹಾಕಿದರು.
ನಡುರಾತ್ರಿ ದಾಟಿದ ಮೇಲೆ, ನಾನೇ, ಅಂದೆ.
'ಗೊತ್ತು,' ಅಂದರು.
'ಕಿತ್ತುಹೋಗೋದು ತಪ್ಪಲ್ಲ. ಹೇಳದೆ ಸುತ್ತೋದು...'
ಕೆಮ್ಮು ಬಂತು. ಉಳಿದದ್ದನ್ನು ಉರ್ದುವಿನಲ್ಲಿ ಹೇಳಿದರು,
ನನಗೆ ತಿಳಿಯಲಿಲ್ಲ.
ತಿಳಿದಷ್ಟರಲ್ಲೇ ಮೂವತ್ತು ವರ್ಷ ನಡೆದಿದೆ.

ಅದು ಒಂದು. ಬರೆದುಕೊಂಡಿರಾ?

ಹಿಂದಿನ ಬೆಂಚಿನ ಹುಡುಗ:
'ಆಂಟಿ, ಈಗ ಎಲ್ಲಾ ಮಿಷನ್ನೇ ಮಾಡ್ತದಲ್ಲಾ?'
ಮಾಡ್ತದಪ್ಪಾ. ನನ್ನಲ್ಲೇ ಮೂರಿವೆ.
ಎಳೆ ಕಿತ್ತರೆ ಕೆಂಪು ದೀಪ ಹಾಕಿ ನಿಂತುಕೊಳ್ಳುತ್ತವೆ,
ಅವಕ್ಕೆ ನಾಚಿಕೆ ಇಲ್ಲ.

ಇನ್ನು ಅರ್ಧ.
ನೂಲು ಕೊಂಡವರು 'ಮುಂದಿನ ವಾರ' ಅನ್ನುತ್ತಿದ್ದರು,
ಬೀ 'ಆಯ್ತು' ಅನ್ನುತ್ತಿದ್ದರು.
ಅವರು ಹೋದ ಮೇಲೆ ಲೆಕ್ಕದ ಪುಸ್ತಕ ತೆಗೆದರೆ
ಹನ್ನೊಂದು ಹೆಸರು,
ಒಂದೊಂದರ ಮುಂದೆಯೂ ಅವರದೇ ಸೊಟ್ಟ ಅಕ್ಷರ: ಕೊಡ್ತಾರೆ.
ಕೆಲಸ ಕಲಿಸಿದರು, ಕೆಲಸದ ಬೆಲೆ ಕೇಳುವುದನ್ನು
ಅವರಿಗೂ ಯಾರೂ ಕಲಿಸಿರಲಿಲ್ಲ.
ನಾನು ಕೇಳುತ್ತೇನೆ. ಅರ್ಧ ಸಲ.
ಉಳಿದರ್ಧ ಸಲ ಬಾಯಲ್ಲಿ ಬಿಸಿನೀರು ತುಂಬಿದ ಹಾಗಾಗಿ
ಸುಮ್ಮನೆ ಎದ್ದು ಬರುತ್ತೇನೆ.
ಅದಕ್ಕೇ ಅರ್ಧ.

ಚಪ್ಪಾಳೆ ತಟ್ಟಿದರು. ಶಾಲು, ಮೂಸಂಬಿ, ಪ್ಲಾಸ್ಟಿಕ್ಕಿನ ಹಾರ,
ಕೊನೆಗೆ ಒಂದು ಕವರು.
'ಹೋಗಿಬರುವ ಖರ್ಚಿಗೆ ಸಾವಿರ' ಅಂದಿದ್ದರು ಫೋನಿನಲ್ಲಿ.
ಕವರಿನ ಮೇಲೆ ಹೆಬ್ಬೆಟ್ಟು ಒಮ್ಮೆ ಆಡಿತು.
ನೂರರ ನೋಟುಗಳು.
ಎಣಿಸಲಿಲ್ಲ, ಬರಿ ನೋಡಿತು ಬೆರಳು:
ಒಂಬತ್ತು.

ಮುಂದಿನ ಸಾಲಿನ ಹುಡುಗಿಯೊಬ್ಬಳು
ಪೆನ್ನಿಗೆ ಇನ್ನೂ ಮುಚ್ಚಳ ಹಾಕಿರಲಿಲ್ಲ,
ನನ್ನ ಕೈಯನ್ನೇ ನೋಡುತ್ತಿದ್ದಳು.

ಸಾರ್, ಅಂದೆ.