ಗೇಟು ಎತ್ತಿದ ಮೇಲೆ

ಹತ್ತೊಂಬತ್ತು ವರ್ಷ ನಾನು ಮಂಜೇಶ್ವರದ ಗೇಟಿನ ಹತ್ತಿರ
ಲಾರಿಗಳ ಕಾಗದ ಬರೆದೆ.
ಮೂರು ಕಾಲಿನ ಮೇಜು, ನಾಲ್ಕನೆಯದಕ್ಕೆ ಕೆಂಪುಕಲ್ಲು,
ಕಾರ್ಬನ್ ಹಾಳೆ. ಬೆರಳಿಗೆ ಹಿಡಿದ ಅದರ ನೀಲಿ
ಮದುವೆಯ ದಿನದ ಅರಸಿನಕ್ಕೂ ಜಗ್ಗಲಿಲ್ಲ.

ಚಕ್ರ ಎಷ್ಟು, ಚೀಲ ಎಷ್ಟು, ಎಲ್ಲಿಂದ, ಎಲ್ಲಿಗೆ?
ನಾಮಕ್ಕಲ್ಲಿನ ಡ್ರೈವರ್ ವೆಂಗಾಯಂ ಅಂದ,
ಲೋಡು ಹೊರಿಸಿದ ಹುಬ್ಬಳ್ಳಿಯವರ ಚೀಟಿಯಲ್ಲಿ ಉಳ್ಳಾಗಡ್ಡಿ,
ಗೇಟಿನ ಸಾಹೇಬರ ಬಾಯಲ್ಲಿ ಉಳ್ಳಿ,
ನಾನು ಬರೆದದ್ದು ನೀರುಳ್ಳಿ.
ಮೂರು ದಿನ ಸಾಲಿನಲ್ಲಿ ನಿಂತ ಮೇಲೆ
ಆ ವಾಸನೆಗೆ ಯಾರೂ ಹೆಸರು ಕೇಳಲಿಲ್ಲ.

ಸಾಲು ತಲಪಾಡಿ ದಾಟಿ ಕೋಟೆಕಾರು ಮುಟ್ಟಿದರೆ
ಐಸಮ್ಮನ ಗಂಜಿಗೆ ಎರಡನೇ ಹಂಡೆ.
ಕ್ಲೀನರ್ ಹುಡುಗರು ಲಾರಿಯಡಿ ಚಾಪೆ ಹಾಸಿ
ಚಕ್ರಕ್ಕೆ ಇಟ್ಟ ಅಡ್ಡಗಲ್ಲಿಗೇ ತಲೆ ಕೊಟ್ಟು ಮಲಗುವರು.
ಸಾಲು ಉದ್ದವಾಗಲಿ ಎಂದು
ನಾನೂ ಬೇಡಿಕೊಂಡವನೇ. ಸುಳ್ಳು ಯಾಕೆ?

ನಮ್ಮಕ್ಕ ಸರೋಜಿನಿಗೆ ನೋವು ಎದ್ದದ್ದು ಅಂಥ ಒಂದು ರಾತ್ರಿ.
ದೇರಳಕಟ್ಟೆಯ ಆಸ್ಪತ್ರೆ ಏನು ಮಹಾ ದೂರ?
ಹೊಸಂಗಡಿ ಕಳೆದದ್ದೇ ರಿಕ್ಷಾ ನಿಂತಿತು.
ಮುಂದೊಂದು ಮೀನಿನ ಲಾರಿ, ಹಿಂಬಾಗಿಲಿಂದ
ಬೂತಾಯಿಯ ನೀರು ತೊಟ್ಟಿಕ್ಕುತ್ತ.
ಇಳಿದು ಓಡಿದೆ, ಕೈಮುಗಿದೆ, ಕೇಳಿದೆ: ಎಂತ ತಡ ಮಾರಾಯ್ರೇ?
"ಲೆಕ್ಕ ತಾಳೆಯಾಗುವುದಿಲ್ಲ, ಪೆಟ್ಟಿಗೆಗೊಂದು ಸೊನ್ನೆ ಜಾಸ್ತಿ."
ಟಾರ್ಚು ಬಿಟ್ಟು ನೋಡಿದೆ.
ನನ್ನದೇ ಅಕ್ಷರ.

ಅಕ್ಕ ಉಳಿದಳು.
ಮಗುವಿನ ವಿಷಯ ನಮ್ಮಲ್ಲಿ ಮಾತಿಗೆ ಬರುವುದಿಲ್ಲ.
ಆ ಸೊನ್ನೆಯ ವಿಷಯ ಅವಳಿಗೆ ಗೊತ್ತೂ ಇಲ್ಲ.

ಆಮೇಲೆ ಒಂದು ಕಾರ್ತೆಲ್ ತಿಂಗಳ ನಡುರಾತ್ರಿ
ತೆರಿಗೆಯ ಕಾನೂನು ಬದಲಾಯಿತು ಅಂದರು.
ಕೆಂಪು ಬಿಳಿ ಪಟ್ಟೆಯ ಆ ಕಂಬವನ್ನು ಎತ್ತಿ
ಎತ್ತಿದ ಹಾಗೇ ಬಿಟ್ಟರು.
ಬೆಳಿಗ್ಗೆ ನೋಡಿದರೆ ಲಾರಿಗಳು
ಊರಿಗೆ ಪರಿಚಯವೇ ಇಲ್ಲದವರ ಹಾಗೆ ಹೋಗುತ್ತಿದ್ದವು.

"ಒಳ್ಳೆಯದಾಯಿತು ಅಂತ ನನ್ನೆದುರು ಹೇಳಬೇಡ"
ಅಂದಳು ಐಸಮ್ಮ, ತುಂಬಿದ ಹಂಡೆಯ ಹತ್ತಿರ ಕೂತು.
ಹೇಳಲಿಲ್ಲ. ಅಲ್ಲ ಅಂತಲೂ ಹೇಳಲಿಲ್ಲ.
ಗುಜರಿಯ ಮೂಸಾಕ ಆಫೀಸಿನ ಗೋಡೆಯಿಂದ
ಗಡಿಯಾರ ಇಳಿಸಿಕೊಂಡು ಬಂದು
"ಗಡಿ ಯಾರ?" ಎಂದು ಬಿಡಿಸಿ ಓದಿ ನಕ್ಕ.
ಮುಳ್ಳು ಎಂದೋ ನಿಂತಿತ್ತು. ಕಿಲೋಗೆ ಇಷ್ಟು ಎಂದು ತೂಗಿದ.

ಐಸಮ್ಮ ಈಗ ಪತ್ತಿರಿ ಕಟ್ಟಿಕೊಂಡು
ಬೆಳಗಿನ ಬಸ್ಸಿಗೆ ಮಂಗಳೂರಿಗೆ ಹೋಗುತ್ತಾಳೆ,
ಹನ್ನೊಂದಕ್ಕೆ ಖಾಲಿ ಬುಟ್ಟಿ. ಸೊಸೆಗೆ ಹೇಳುತ್ತಾಳಂತೆ,
ಕಾಲು ನೋಯುತ್ತದೆ, ಆದರೆ ಸಮುದ್ರ ಕಾಣುತ್ತದೆ.
ನಾನು ಮೇಜಿನ ಕಲ್ಲನ್ನು ಬಾವಿಕಟ್ಟೆಗೆ ಹಾಕಿದೆ,
ಪಂಚಾಯತಿನ ಅರ್ಜಿ ಬರೆಯುತ್ತೇನೆ, ಎರಡು ಸಲ ಎಣಿಸಿ.

ಮೊನ್ನೆ ಅಕ್ಕನ ಕಣ್ಣು ತೋರಿಸಲು
ಅದೇ ದಾರಿಯಲ್ಲಿ ಹೋದೆವು.
ಇಪ್ಪತ್ತಾರು ವರ್ಷದ ಮೇಲೆ ಅವಳು ಉತ್ತರಕ್ಕೆ ಹೊರಟದ್ದು.
ಕಿಟಕಿಯ ಬದಿ ಕೂತು, ಮುಂದಿನ ಸೀಟಿನ ಕಂಬಿ ಬಿಗಿಹಿಡಿದು
ಕಣ್ಣು ಮುಚ್ಚಿಕೊಂಡೇ ಇದ್ದಳು.
"ಗೇಟು ಬಂತಾ?"
"ಹೋಯಿತು" ಅಂದೆ.
ಅವಳು ಕಂಬಿ ಬಿಡಲಿಲ್ಲ. ಬಸ್ಸು
ಬೀರಿಯ ಕಡೆಗೆ ಆಗಲೇ ವೇಗ ಹಿಡಿದಿತ್ತು.