ಕಚ್ಚು

ಕಬ್ಬನ್‌ಪೇಟೆಯ ಹತ್ತನೇ ಅಡ್ಡರಸ್ತೆಯಲ್ಲಿ
ಮೂವತ್ತೊಂದು ವರ್ಷ ನೂಲು ಕಡಿದ ಹಲ್ಲು ಇದು.
ಮೇಲ್ಸಾಲಿನ ನಡುವೆ, ಎಡಗಡೆಯದು.
ಮೊದಲು ಸೂಜಿಯ ಕಣ್ಣಷ್ಟು ಕಚ್ಚು,
ಬರುಬರುತ್ತ ಹುಕ್ಕು ಕೂರುವಷ್ಟು.
"ಕತ್ತರಿ ಕೈಯಲ್ಲೇ ಇದೆಯಲ್ಲೇ ಇಂದೂ" ಅನ್ನುತ್ತಿದ್ದರು ಅಪ್ಪ,
ತಮ್ಮ ಹಲ್ಲಲ್ಲೂ ಅದೇ ಕಚ್ಚು ಇಟ್ಟುಕೊಂಡು.

ಆಗಿನ ಹತ್ತಿನೂಲು ಹಲ್ಲಿಗೆ ಸೋಲುತ್ತಿತ್ತು.
ಈಗಿನದು ಪಾಲಿಯೆಸ್ಟರು.
ಹೋದ ಶುಕ್ರವಾರ ಫಾಲ್ ಹಚ್ಚಿ ಮುಗಿಸಿ
ಟಕ್ ಅನ್ನಿಸಿದರೆ ನೂಲು ಹಾಗೇ ಇದೆ;
ಹಲ್ಲಿನ ಮೂಲೆ ಸೀರೆಯ ಮಡಿಕೆಯಲ್ಲಿ,
ಅಕ್ಕಿನುಚ್ಚಿನ ಹಾಗೆ.
ಎತ್ತಿ ಹುಕ್ಕಿನ ಡಬ್ಬಿಗೆ ಹಾಕಿಟ್ಟೆ. ಯಾಕೋ ಗೊತ್ತಿಲ್ಲ.

ಅವೆನ್ಯೂ ರಸ್ತೆ. ಕೆಳಗೆ ಲಗ್ನಪತ್ರಿಕೆಯಂಗಡಿ,
ಮಹಡಿಯ ಮೇಲೆ ಡಾಕ್ಟರ್ ಫೌಜಿಯಾ.
ಕನ್ನಡಿ ಹಿಡಿದು ಹೇಳಿದರು: ಮುಂದಿನದಕ್ಕೆ
ಹಲ್ಲಿನ ಬಣ್ಣದ ಫಿಲ್ಲಿಂಗಿನಲ್ಲಿ ಮೂಲೆ ಕಟ್ಟಬಹುದು,
ಮುಂಭಾಗಕ್ಕಷ್ಟೇ ಪಿಂಗಾಣಿಯ ತೆಳುಹಾಳೆ ಅಂಟಿಸಬಹುದು,
ಇಲ್ಲವಾ ಕ್ಯಾಪು, ಪೂರ್ತಿ ಹೊದಿಕೆ.
ಹಿಂದೆ ರೂಟ್ ಕೆನಾಲ್ ಆದ ದವಡೆಹಲ್ಲು ಬೇರೆ,
ಯುಗಾದಿಯಿಂದ ಬರೀ ಸಿಮೆಂಟಿನ ಮೇಲೆ ನಿಂತಿದೆ.

ಕ್ಯಾಪಿಗೆ ಕಿರೀಟ ಅಂತಲೂ ಅನ್ನುತ್ತಾರಂತೆ.
ನಮ್ಮ ವಠಾರದ ಪದ್ಮಾಬಾಯಿಗೆ ಅದು ಟೋಪಿ:
"ಹಲ್ಲಿಗೆ ಹಾಕ್ತೀವಿ ಅಂತ ನಿನಗೇ ಹಾಕ್ತಾರೆ, ನೋಡ್ಕೋ."

"ಅದು ಕೂರಬೇಕಾದರೆ?" ಕೇಳಿದೆ.
"ಸುತ್ತ ಸವೆಸಬೇಕು." ಎರಡು ಬೆರಳ ಸಂದಿನಲ್ಲಿ
ಎಷ್ಟು ಅಂತ ತೋರಿಸಿದರು. ಉಳಿಯುವುದು ಒಂದು ಗೂಟ.
ಅಯ್ಯೋ, ಹರಿದದ್ದು ಅಂಚು, ಕತ್ತರಿ ಇಡೀ ಪೀಸಿಗಾ?
ತೇಪೆಯ ಅಳತೆಗೆ ಬಟ್ಟೆಯನ್ನೇ ಕತ್ತರಿಸಿದ ಹುಡುಗನನ್ನು
ಅಪ್ಪ ಮಧ್ಯಾಹ್ನದ ಊಟಕ್ಕೂ ನಿಲ್ಲಿಸದೆ ಕಳಿಸಿದ್ದರು.

"ತೇಪೆ ನಾಲ್ಕೈದು ವರ್ಷ. ಕಾಫಿಯ ಕಲೆ ಹಿಡಿಯುತ್ತೆ," ಅಂದರು.
ಹಿಡಿಯಲಿ. ತೇಪೆ ಹೋದರೆ ಇನ್ನೊಂದು ತೇಪೆ,
ಸವೆಸಿದ್ದು ಮತ್ತೆ ಬೆಳೆಯುತ್ತಾ?

ದವಡೆಹಲ್ಲಿನ ಮಾತು ಬಂದಾಗ ಮಾತ್ರ ನಾನೇ ಸುಮ್ಮನಾದೆ.
ನರ ತೆಗೆದದ್ದು, ಒಳಗೆ ಟೊಳ್ಳು, ಗೋಡೆ ತೆಳು;
ಸೀಳಿತೆಂದರೆ ಬೇರಿನ ಸಮೇತ ಕೀಳಬೇಕು.
ಬಟ್ಟೆ ಪಿಸಿದ ಕಡೆ ತೇಪೆ ನಿಲ್ಲಲ್ಲ,
ಹೊಲಿಗೆಯೇ ಹರಿದುಕೊಂಡು ಬರುತ್ತೆ.
ಇದನ್ನು ನನಗೆ ಯಾರೂ ಓದಿಸಬೇಕಿಲ್ಲ.
ಹಾಕಿ ಅಲ್ಲಿಗೆ ಟೋಪಿ. ಲೋಹದ್ದೇ ಸಾಕು,
ಅಸ್ತರಿಗೆ ಯಾರು ರೇಷ್ಮೆ ಇಡುತ್ತಾರೆ?
ಆದರೂ ಮೂವತ್ತು ಬ್ಲೌಸಿನ ಕೂಲಿ. ಬೆರಳು ಮಡಿಸಿ ಎಣಿಸಿದೆ,
ಎರಡು ಕಂತು ಅಂದೆ. ಆಗಲಿ ಅಂದರು.

ಆಮೇಲೆ ಹೊರಬಂತು ಹಲ್ಲುಗಳ ಬಣ್ಣದ ಪಟ್ಟಿ,
ಚಿಕ್ಕಪೇಟೆಯ ನೂಲಿನಂಗಡಿ ಶೇಡ್‌ಕಾರ್ಡಿನ ತಂಗಿ.
ಹದಿನಾರು ಬಿಳಿ!
ಟ್ಯೂಬ್‌ಲೈಟಿನ ಕೆಳಗೆ ಯಾವ ಬಿಳಿಯೂ ನಿಜ ಹೇಳಲ್ಲ.
ಡಾಕ್ಟರನ್ನೇ ಬಾಲ್ಕನಿಗೆ ಎಬ್ಬಿಸಿಕೊಂಡು ಹೋಗಿ
ಬಿಸಿಲಿಗೆ ಬಾಯಿ ತೆರೆದು ನಿಂತೆ.
ಕಾರ್ಡಿನ ಬಂಡಲು ಹೊತ್ತ ಒಬ್ಬ ತಲೆಯೆತ್ತಿ ನೋಡಿ
ಎಡವಿ, ಬೈದುಕೊಂಡು ಹೋದ.
ಅವರು ಎರಡನೆಯದು ಅಂದರು, ನಾನು ಮೂರನೆಯದು,
ಕಾಫಿ ಕುಡಿದ ಬಿಳಿ.
ಹಲ್ಲಿನ ಪಕ್ಕ ಹಿಡಿದರೆ ಮೂರನೆಯದೇ.

ನೀಲಿ ದೀಪ ಕುಟುಕಿತು. ಮೂಲೆ ಗಟ್ಟಿಯಾಯಿತು.
ಕಚ್ಚು ಇದ್ದ ಜಾಗದಲ್ಲಿ ನಾಲಗೆ
ಮುಚ್ಚಿದ ಬಾಗಿಲು ತಡಕಿದ ಹಾಗೆ ತಡಕಿತು.
"ಇನ್ನು ನೂಲು ಕಡಿಯೋ ಹಾಗಿಲ್ಲ," ಎರಡು ಸಲ ಹೇಳಿದರು.

ಒಂದು ಗಂಟೆಯಿಂದ ನೋಡುತ್ತಲೇ ಇದ್ದೆ,
ಅವರ ಬಿಳಿಕೋಟಿನ ತೋಳಂಚು ಬಿಚ್ಚಿಕೊಂಡು
ಗೇಣುದ್ದ ದಾರ ನನ್ನ ಮೂಗಿನ ಮೇಲೆ ತೂಗುತ್ತಿತ್ತು.
ಎದ್ದವಳೇ ತೋಳು ಹಿಡಿದೆ, ಬಗ್ಗಿದೆ,
ದಾರ ತುಟಿಗೆ ತಾಕಿತು.
ನಿಂತೆ.
"ಕತ್ತರಿ ಕೊಡಿ," ಅಂದೆ.

ಟ್ರೇಯಿಂದ ಪುಟ್ಟದೊಂದು ಕೊಟ್ಟರು, ತುದಿ ಬಾಗಿದ್ದು.
ಎರಡು ಸಲ ಜಾರಿತು, ಮೂರನೇ ಸಲ ಜಗಿದು ಕತ್ತರಿಸಿತು.
ಅಪ್ಪನ ದನಿಯಲ್ಲೇ ಹೇಳಿಬಿಟ್ಟೆ:
ಇದಕ್ಕೆ ಸಾಣೆ ಹಿಡಿಸಬೇಕು, ಮೇಡಂ.