ಹಳದಿ ಗೆರೆ ಮುಗಿಯುವಲ್ಲಿ

ಹಾಸನದ ದೊಡ್ಡಾಸ್ಪತ್ರೆಯ ನೆಲದ ಮೇಲೆ
ನಾಲ್ಕು ಗೆರೆ.
ಕೆಂಪು ತುರ್ತಿಗೆ, ಹಸಿರು ಹೆರಿಗೆಗೆ,
ನೀಲಿ ರಕ್ತಪರೀಕ್ಷೆಗೆ, ಹಳದಿ ಎಕ್ಸ್‌ರೇಗೆ.
ಎಳೆದವರು ಪೆನ್ಷನ್ ಮೊಹಲ್ಲಾದ ದಸ್ತಗೀರ್ ಸಾಬರು,
ಒರೆಸುವವಳು ನಾನು.

ಹನ್ನೊಂದು ವರ್ಷ. ದಿನಕ್ಕೆ ಮೂರು ಸಲ.
ಫಿನಾಯಿಲಿಗೆ ಗೆರೆ ಯಾವುದು ಕೊಳೆ ಯಾವುದು ಗೊತ್ತಿಲ್ಲ.
ಹಳದಿ ಈಗ ಕಂಬದ ಹತ್ತಿರ ಬಂದು
ಮಾತು ಮರೆತವರ ಹಾಗೆ ನಿಂತುಬಿಡುತ್ತದೆ.
ಹೊಸದಾಗಿ ಎಳೆಸಲು ಟೆಂಡರು ಆಗಬೇಕಂತೆ.
ಜನವೂ ಅಲ್ಲೇ ನಿಲ್ಲುತ್ತಾರೆ,
ಕೈಲಿ ಚೀಟಿ, ಕಣ್ಣು ನೆಲದ ಮೇಲೆ,
ಆಮೇಲೆ ನನ್ನ ಮೇಲೆ.
"ಅಮ್ಮಾ, ಎಕ್ಸ್‌ರೇ ಯಾವ್ ಕಡೀಕೆ?"
ಮಾಪಿನ ಕೋಲೆತ್ತಿ ತೋರಿಸುತ್ತೇನೆ.
ಬಟ್ಟೆಯಿಂದ ತೊಟ್ಟಿಕ್ಕಿದ ನೀರು
ಇನ್ನೊಂದು ಗೆರೆಯಾಗುತ್ತದೆ, ಒಣಗುವವರೆಗೆ.

ಬೋರ್ಡುಗಳಿಗೇನು ಬರವಿಲ್ಲ ಇಲ್ಲಿ.
ಸರಪಳಿಗೆ ತೂಗುವವು, ಗೋಡೆಗಂಟಿದವು,
ಬಾಗಿಲ ಹಣೆಯ ಮೇಲಿನವು.
ರಾತ್ರಿಯೆಲ್ಲ ಹಸಿರಾಗಿ ಉರಿಯುತ್ತ
ಹೊರಗೋಡುವ ಒಬ್ಬ ಪುಟ್ಟ ಮನುಷ್ಯ ಇದ್ದಾನೆ.
ಓಡುತ್ತಲೇ ಇದ್ದಾನೆ, ಪಾಪ,
ಹೊರಗೆ ಹೋದದ್ದನ್ನು ನಾನು ಕಂಡಿಲ್ಲ.
'ನೀವು ಇಲ್ಲಿದ್ದೀರಿ' ಎನ್ನುವ ನಕ್ಷೆಯ ಮುಂದೆ
ದುದ್ದದ ಮುದುಕರೊಬ್ಬರು ಬೆರಗಾಗಿ ಕೇಳಿದರು:
"ನಾ ಬಂದಿರೋದು ಇವ್ರಿಗೆ ಯಾರು ಹೇಳಿದ್ರವ್ವ?"
ಪ್ಯಾಂಟಿನ ಬೊಂಬೆಗೂ ಫ್ರಾಕಿನ ಬೊಂಬೆಗೂ ನಡುವೆ
ಹೊಟ್ಟೆ ಹಿಡಿದು ನಿಂತ ಅರಕಲಗೂಡಿನ ಅಜ್ಜಿ
"ಸೀರೆಯೋರಿಗೆ ಎಲ್ಲಿ?" ಅಂದಿತ್ತು.

ನನಗೆ ಓದು ಬರುವುದಿಲ್ಲ. ಅಂದರೆ ಬಾರದಿತ್ತು.
ಕಲಿತದ್ದು ಈ ಬೋರ್ಡುಗಳಲ್ಲೇ,
ರಕ್ತದಿಂದ 'ರ', ಹೆರಿಗೆಯಿಂದ 'ಹೆ'.
'ನಿಶ್ಶಬ್ದ'ದ ಒತ್ತುಗಳು ಎರಡು ತಿಂಗಳು ಕಾಡಿದವು.
ಬಂದ ದಿನ ಖುಷಿಗೆ ಜೋರಾಗಿ ಓದಿಬಿಟ್ಟೆ,
ನರ್ಸಮ್ಮ ಗದರಿದರು.

ದಸ್ತಗೀರ್ ಸಾಬರು ಮಂಡಿಯೂರಿ
ಟೇಪು ಅಂಟಿಸಿ, ಬಣ್ಣ ಬಳಿದು, ಟೇಪು ಕಿತ್ತು
ಹದಿನೈದು ದಿನ ಹಿಂದಕ್ಕೆ ಹಿಂದಕ್ಕೆ ಸರಿದರು.
ಕೊನೆಯ ದಿನ ದೊಡ್ಡ ಡಾಕ್ಟರನ್ನು ಕೇಳಿದರು:
"ಸಾರ್, ಶವಾಗಾರಕ್ಕೆ ಯಾವ ಬಣ್ಣ?"
ಅವರು ಪೆನ್ನಿಗೆ ಕ್ಯಾಪು ಹಾಕಿ, ತೆಗೆದು, ಮತ್ತೆ ಹಾಕಿ
"ಅದಕ್ಕೆ ಬೇಡ. ಬೇಕಾದವರು ಕೇಳ್ತಾರೆ" ಅಂದರು.

ಎಲ್ಲಿ ಕೇಳುತ್ತಾರೆ?
ಹೆಸರು ಹಿಡಿದು ಯಾರೂ ಕೇಳಿಲ್ಲ ಇದುವರೆಗೆ.
"ಹಿಂದುಗಡೆ ಎಲ್ಲೋ ಅಂದ್ರು ಅಕ್ಕಾ."
"ಸ್ಟೇಷನ್ನಿನವರು ಕಳಿಸಿದ್ರು."
ಒಬ್ಬ ಹುಡುಗ ಬಾಯೇ ತೆರೆಯದೆ
ಒಂದು ಜೊತೆ ಇಸ್ತ್ರಿ ಬಟ್ಟೆಯ ಕವರು ತೋರಿಸಿದ.
ಮೊನ್ನೆ ಆಲೂರು ಕಡೆಯ ಹೆಂಗಸು,
ಕೈಲಿ ಗಂಡಸಿನ ಒಂಟಿ ಚಪ್ಪಲಿ,
ಕೆಂಪು ಹಿಡಿದು ಹೋಗಿ ತಿರುಗಿ ಬಂದಳು,
ನೀಲಿ ಹಿಡಿದು ಹೋಗಿ ತಿರುಗಿ ಬಂದಳು,
ಹಳದಿ ಮುಗಿಯುವಲ್ಲಿ ನಿಂತಳು.

ಕೋಲಿನಲ್ಲಿ ತೋರಿಸುವ ಜಾಗವಲ್ಲ ಅದು.
ಬಕೀಟು ಸರಿಸಿ, ಮಾಪು ಗೋಡೆಗೊರಗಿಸಿ,
'ಒದ್ದೆ ನೆಲ ಎಚ್ಚರಿಕೆ'ಯನ್ನು ಮಡಚಿ ಕಂಕುಳಲ್ಲಿಟ್ಟು
"ಬಾ ತಾಯಿ" ಅಂದೆ.
ಕ್ಯಾಂಟೀನು, ಸಾಲು ಸಿಲಿಂಡರು,
ಯಾರದೋ ಹಾಸಿಗೆ ಒಣಗಿಸಿದ ಕಾಂಪೌಂಡು.
ನೇರಳೆ ಮರದಡಿ ಸಿಮೆಂಟಿನ ಮೇಲೆಲ್ಲ ಹಣ್ಣಿನ ಕಲೆ.
ನಾನು ಉಜ್ಜಿ ಸೋತ ಜಾಗ;
ನನಗದೇ ಗುರುತು, ಅಲ್ಲಿಂದ ಎಡಕ್ಕೆ.
ಅವಳು ಒಂದು ಕಲೆಯನ್ನೂ ತುಳಿಯಲಿಲ್ಲ.
ಬಾಗಿಲಲ್ಲಿ ನಿಂತು, ಒಳಗೆ ನೋಡದೆ,
ನನ್ನ ಹೆಸರು ಕೇಳಿದಳು.
"ಕೆಂಚಮ್ಮ."
"ನಮ್ಮ ದೇವರ ಹೆಸರು" ಎಂದು
ಚಪ್ಪಲಿಯನ್ನು ಸೆರಗಿನಲ್ಲಿ ಒರೆಸಿದಳು.

ತಿರುಗಿ ಬಂದರೆ ಕಂಬದ ಹತ್ತಿರ ಐದಾರು ಮಂದಿ.
"ಎಲ್ಲಿಗೆ ಹೋಗಿದ್ರಿ? ಎಷ್ಟೊತ್ತು ಕಾಯೋದು?"
ರೇಗಿದವನ ಮೊಣಕೈ ಊದಿತ್ತು.
ಕೋಲೆತ್ತಿದೆ.
ಬಟ್ಟೆ ಒಣಗಿತ್ತು.
ಒಂದು ಹನಿಯೂ ಬೀಳಲಿಲ್ಲ.